ಉರಿಗಾಂ ಸೀಮೆಯ ಒಕ್ಕಲು ದಂಪತಿ: ವಂಶಕಥನದ ಆಕರಗಳು

ಒಕ್ಕಲುತನ ಮಾಡಿ ಬದುಕಿದ ಗಂಡಹೆಂಡಿರಿಬ್ಬರನ್ನು ನಡುವೆ ಇಟ್ಟುಕೊಂಡು, ಅವರ ಹಿಂದಿನ ನಾಲ್ಕೈದು ತಲೆಮಾರುಗಳನ್ನೂ ಮುಂದಿನ ಒಂದೆರಡು ತಲೆಮಾರುಗಳನ್ನೂ ಆಧಾರಸಹಿತವಾಗಿ ನಿರೂಪಿಸುವ ಬರವಣಿಗೆಗೆ ಇಲ್ಲಿ ವಂಶಕಥನ ಎಂಬ ಹೆಸರನ್ನು ಬಳಸಲಾಗಿದೆ. ಅರಸುಮನೆತನಗಳಿಗೂ ಪಾಳೆಯಗಾರರಿಗೂ ಮಠಗಳ ಗುರುಪರಂಪರೆಗೂ ಕನ್ನಡದಲ್ಲಿ ವಂಶಾವಳಿಗಳು ಬೇಕಾದಷ್ಟಿವೆ. ಹೊಲ ಉತ್ತವರ ಮನೆಯ ಚರಿತ್ರೆ ಮಾತ್ರ ಜಾತಿಯ ಚರಿತ್ರೆಯೊಳಗೋ ಊರಿನ ಸ್ಥಳಪುರಾಣದೊಳಗೋ ಕರಗಿಹೋಗುತ್ತದೆ. ಕೋಲಾರ ಜಿಲ್ಲೆಯ ಉರಿಗಾಂ, ಬಂಗಾರಪೇಟೆ, ಬೇತಮಂಗಲ, ಬೂದಿಕೋಟೆಗಳ ಸುತ್ತಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಅಡ್ಡಿಯೂ ಸೇರಿಕೊಂಡಿದೆ. ಇಲ್ಲಿ ಚರಿತ್ರೆ ಎಂದೊಡನೆ ಚಿನ್ನದ ಗಣಿಯೇ ಮುಂದೆ ಬಂದು ನಿಲ್ಲುತ್ತದೆ. ಸುತ್ತಲಿನ ರಾಗಿ ಹೊಲಗಳು, ಕೆರೆಬಯಲುಗಳು, ಅವುಗಳ ಮೇಲೆ ಬದುಕಿದ ಮನೆಗಳು ಗಣಿಯ ಚಿತ್ರಕ್ಕೆ ಹಾಕಿದ ಅಂಚಿನಂತೆ ಮಾತ್ರ ಕಾಣುತ್ತವೆ. ಗಣಿಯು ಒಕ್ಕಲು ಮನೆತನಗಳ ದೀರ್ಘ ಚರಿತ್ರೆಯಲ್ಲಿ ಒಂದು ಅಧ್ಯಾಯವೆಂದೂ, ಆ ಚರಿತ್ರೆಯನ್ನು ಬರೆಯಹೊರಟವರು ಗಂಡಿನ ಕಡೆಯ ಜಮೀನಿನ ಕಾಗದವನ್ನೇ ನೆಚ್ಚಿಕೊಂಡರೆ ದಂಪತಿಯಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತಾರೆಂದೂ ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಹೋಲಿಕೆಗಾಗಿ ಆಸ್ಟ್ರೇಲಿಯಾದ ಹಳ್ಳಿಗಾಡನ್ನು ಎದುರಿಗೆ ಇಟ್ಟುಕೊಳ್ಳುವುದು ಉಪಯುಕ್ತ, ಏಕೆಂದರೆ ಸಾಮಾನ್ಯ ರೈತ ದಂಪತಿಯ ಕುಟುಂಬ ಚರಿತ್ರೆ ಅಲ್ಲಿ ಮನೆಮನೆಯ ಹವ್ಯಾಸವೇ ಆಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದಲೋ ಐರ್ಲೆಂಡಿನಿಂದಲೋ ಹೋಗಿ ನೆಲೆಸಿದ ದಂಪತಿಯ ಹೆಸರು ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿದೆ. ನ್ಯೂ ಸೌತ್ ವೇಲ್ಸಿನಲ್ಲಿ 1861ರ ರಾಬರ್ಟ್‌ಸನ್ ಭೂ ಕಾಯಿದೆಗಳ ಪ್ರಕಾರ ಸಣ್ಣ ಹಿಡುವಳಿಗೆ ಹಾಕಿಕೊಂಡ ಅರ್ಜಿ ಕಡತದಲ್ಲಿದೆ (ಉರಿಗಾಂ ಪಕ್ಕದ ರಾಬರ್ಟ್‌ಸನ್‌ಪೇಟೆಗೆ ಹೆಸರಾದ ಮೈಸೂರಿನ ರೆಸಿಡೆಂಟ್ ಬೇರೆ ರಾಬರ್ಟ್‌ಸನ್). ವಿಕ್ಟೋರಿಯಾದಲ್ಲಿ 1853ರಿಂದ, ನ್ಯೂ ಸೌತ್ ವೇಲ್ಸಿನಲ್ಲಿ 1856ರಿಂದ ಜನನ, ಮದುವೆ, ಮರಣಗಳನ್ನು ಸರ್ಕಾರವೇ ನೋಂದಾಯಿಸಿಕೊಂಡಿದೆ. ಅಲ್ಲಿನ ಮರಣಪತ್ರವಂತೂ ಒಂದು ಸಣ್ಣ ಜೀವನಚರಿತ್ರೆಯೇ ಸರಿ: ಸತ್ತವರ ತಂದೆತಾಯಿಯ ಹೆಸರು, ತಾಯಿಯ ತವರಿನ ಮನೆತನದ ಹೆಸರು, ಹುಟ್ಟಿದ ಊರು, ವಸಾಹತಿಗೆ ಬಂದು ಎಷ್ಟು ವರ್ಷವಾಯಿತು, ಎಲ್ಲಿ ಯಾರನ್ನು ಮದುವೆಯಾದರು, ಮಕ್ಕಳು ಯಾರು ಎಂಬುದೆಲ್ಲ ಒಂದೇ ಹಾಳೆಯಲ್ಲಿ ಸಿಗುತ್ತದೆ. ಹೀಗಾಗಿ ಆಸ್ಟ್ರೇಲಿಯಾದ ರೈತನ ಮೊಮ್ಮಗಳು ತನ್ನ ಮುತ್ತಜ್ಜಿಯ ತವರನ್ನು ಕಚೇರಿಯಲ್ಲೇ ಕುಳಿತು ಹುಡುಕಬಲ್ಲಳು. ಆದರೆ ಆ ಕಾಗದದ ಸಮೃದ್ಧಿ ಎಲ್ಲರಿಗೂ ಸೇರಿದ್ದಾಗಿರಲಿಲ್ಲ. ಅರ್ಜಿ ಹಾಕಿ ಪಡೆದ ನೆಲ ಅದಕ್ಕೆ ಮೊದಲು ಮೂಲನಿವಾಸಿಗಳದ್ದಾಗಿತ್ತು; ಅದು ಯಾರಿಗೂ ಸೇರದ ನೆಲವಾಗಿತ್ತೆಂಬ ಕಾನೂನಿನ ಕಲ್ಪನೆಯನ್ನು ಆ ದೇಶದ ಉಚ್ಚ ನ್ಯಾಯಾಲಯ ಮಾಬೊ ಮೊಕದ್ದಮೆಯಲ್ಲಿ ತಳ್ಳಿಹಾಕಿದ್ದು 1992ರಲ್ಲಿ. ಒಂದು ಮನೆಯ ದಾಖಲೆ ಆರಂಭವಾಗುವ ಪುಟದಲ್ಲೇ ಇನ್ನೊಂದು ಮನೆಯ ದಾಖಲೆ ಅಳಿಸಿಹೋಗಿರಬಹುದು ಎಂಬ ಎಚ್ಚರ ಗಣಿಸೀಮೆಯ ಚರಿತ್ರೆಗೂ ಬೇಕಾದದ್ದೇ.

ಉರಿಗಾಂ ಹೊಸ ದಾಖಲೆಗಳಿಗೆ ಬಂದದ್ದು 1802ರಲ್ಲಿ. ಟಿಪ್ಪುವಿನ ಪತನದ ನಂತರ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, ಈ ಭಾಗದ ನೆಲದಲ್ಲಿ ಚಿನ್ನವಿದೆಯೆಂಬ ಮಾತನ್ನು ಕೇಳಿ ಉರಿಗಾಂ, ಮಾರಿಕುಪ್ಪಂಗಳಿಗೆ ಬಂದನು. ಮಾರಿಕುಪ್ಪಂನಲ್ಲಿ ಆಳವಲ್ಲದ ಗುಂಡಿಗಳಿಗೆ ಇಳಿದು ಕಲ್ಲು ತೆಗೆಯುತ್ತಿದ್ದವರು ಅಸ್ಪೃಶ್ಯರೆಂದು ಊರ ಹೊರಗಿಟ್ಟಿದ್ದ ಜನ. ಉರಿಗಾಂನಲ್ಲಿ ಮಣ್ಣನ್ನು ಗುಡಿಸಿ, ತೊಳೆದು, ಚಿನ್ನದ ಪುಡಿಯನ್ನು ಬೇರ್ಪಡಿಸಿ ತೋರಿಸಿದವರು ಊರಿನ ಹೆಂಗಸರು. ಅವರ ಕೈಯಲ್ಲಿದ್ದ ಪೊರಕೆ, ತೊಳೆಯಲು ಬಳಸಿದ ಮರದ ಹಲಗೆ ಇವೆಲ್ಲ ಆ ಅಧಿಕಾರಿಯ ವರದಿಯಲ್ಲಿ ಬಂದಿವೆ, ಆ ಹೆಂಗಸರಲ್ಲಿ ಒಬ್ಬರ ಹೆಸರೂ ಬಂದಿಲ್ಲ. ಮಳೆಗಾಲದಲ್ಲಿ ಹೊಲ, ಬಿಡುವಿದ್ದಾಗ ಚಿನ್ನದ ಮಣ್ಣು ಎಂಬಂತೆ ಈ ಕೆಲಸ ಬೇಸಾಯದ ಪಕ್ಕದಲ್ಲೇ ನಡೆದುಕೊಂಡು ಬಂದಿದ್ದಿರಬೇಕು. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಸೇವೆ ಮಾಡಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಸಿಪಾಯಿ 1875ರಲ್ಲಿ ಸರ್ಕಾರದಿಂದ ಗಣಿಗಾರಿಕೆಯ ಹಕ್ಕನ್ನು ಪಡೆದು ಉರಿಗಾಂ ಬಳಿ ಬಾವಿ ತೋಡಿಸಿದಾಗ ಶುರುವಾದ ಗಣಿಯ ಕಥೆಗೆ ಇರುವ ವಯಸ್ಸು, ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ 2001ರ ಫೆಬ್ರವರಿ 28ರವರೆಗೆ ಲೆಕ್ಕ ಹಾಕಿದರೆ, ನೂರಿಪ್ಪತ್ತಾರು ವರ್ಷ. ಪಕ್ಕದ ಬೇತಮಂಗಲ ವಿಜಯಾದಿತ್ಯಮಂಗಲವೆಂಬ ಹೆಸರಿನಿಂದ ಸಾವಿರ ವರ್ಷಗಳ ಹಿಂದಿನ ಶಾಸನಗಳಲ್ಲಿದೆ. ಅಲ್ಲಿನ ಕೆರೆಯೂ ಅಷ್ಟೇ ಹಳೆಯದು.

ಆ ಶಾಸನಗಳ ಕಾಲದಲ್ಲಿಯೂ ಮನೆತನ ಮತ್ತು ನೆಲದ ನಂಟು ದಾಖಲಾಗಿದೆ ಎಂಬುದನ್ನು ವಂಶಕಥನ ಬರೆಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, ಅಂದರೆ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ, 1905ರಲ್ಲಿ ಪ್ರಕಟವಾಯಿತು. ಅದರಲ್ಲಿ ವೀರಗಲ್ಲುಗಳು, ಅಂದರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಹೆಸರನ್ನು ಹೇಳಿದ ಮೇಲೆ ಅನೇಕ ಕಲ್ಲುಗಳು ಅವನ ಮನೆಯವರಿಗೆ ಬಿಟ್ಟ ನೆಲವನ್ನೂ ಹೇಳುತ್ತವೆ. ಸುರಿಸಿದ ರಕ್ತಕ್ಕೆ ಬದಲಾಗಿ ಕೊಟ್ಟ ಇಂಥ ಭೂಮಿಗೆ ನೆತ್ತರುಗೊಡಗೆ ಎಂದೂ, ಕಲ್ಲು ನಿಲ್ಲಿಸಿ ಬಿಟ್ಟ ಉಂಬಳಿಗೆ ಕಲ್ನಾಡು ಎಂದೂ ಹೆಸರು. ಗಂಡನೊಂದಿಗೆ ಚಿತೆಯೇರಿದ ಹೆಂಡತಿಯ ನೆನಪಿನ ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿ ಮೇಲೆತ್ತಿದ ಒಂದು ತೋಳು, ಅದರ ತುಂಬ ಬಳೆ ಇರುತ್ತವೆ. ಹೆಸರು ಎಷ್ಟೋ ಕಡೆ ಇರುವುದಿಲ್ಲ. ಈ ಕಲ್ಲುಗಳಿಂದ ಇಂದಿನ ಯಾವ ಮನೆಗೂ ನೇರವಾದ ಗೆರೆ ಎಳೆಯಲು ಬರುವುದಿಲ್ಲವೆಂಬುದು ನಿಜ, ಮತ್ತು ಹಾಗೆ ಎಳೆದು ತೋರಿಸುವ ಜಾತಿಚರಿತ್ರೆಗಳನ್ನು ನಂಬದಿರುವುದೇ ಲೇಸು.

ಗೆರೆ ಎಳೆಯಲು ಬಾರದ್ದಕ್ಕೆ ಕಾಲದ ಅಂತರ ಒಂದು ಕಾರಣವಾದರೆ, ಹತ್ತಿರದಲ್ಲೇ ಇರುವ ಇನ್ನೊಂದು ಕಾರಣ 1876ರಿಂದ 1878ರವರೆಗಿನ ಬರ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರ ಬಾಯಲ್ಲಿ ಉಳಿದಿದ್ದ ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ, 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದದ್ದು, 1881ರ ಗಣತಿಯ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಕ್ಕೆ ಇಳಿಯಿತು. ಕೋಲಾರ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ಲ್ಯಾವೆಲ್ ತನ್ನ ಹಕ್ಕನ್ನು ಹಣವಂತರಿಗೆ ವಹಿಸಿಕೊಟ್ಟು ಕಂಪನಿಗಳು ಹುಟ್ಟಿಕೊಂಡದ್ದು ಇದೇ ವರ್ಷಗಳಲ್ಲಿ ಎಂಬುದನ್ನು ಗಣಿಯ ಚರಿತ್ರೆಗಳು ಬಿಡಿಬಿಡಿಯಾಗಿ ಹೇಳುತ್ತವೆ. ಹಸಿದ ಜನ ಊರು ಬಿಟ್ಟು ಅಲೆಯುತ್ತಿದ್ದ ಸೀಮೆಯಲ್ಲಿ ಕೂಲಿಯಾಳುಗಳು ಸಿಕ್ಕುವುದು ಕಷ್ಟವಾಗಿರಲಿಲ್ಲ. ಒಕ್ಕಲು ಮನೆಗಳ ನೆನಪು ಬಹುತೇಕ ಈ ಬರದ ಆಚೆಗೆ ಹೋಗುವುದಿಲ್ಲ. ಮುತ್ತಜ್ಜನ ಅಪ್ಪ ಎಲ್ಲಿಂದಲೋ ಬಂದು ಇಲ್ಲಿ ನಿಂತ ಎಂಬ ವಾಕ್ಯದಿಂದಲೇ ಅನೇಕ ಮನೆಗಳ ಕಥೆ ತೊಡಗುತ್ತದೆ.

ಬರದ ಈಚಿನ ಕಾಲಕ್ಕೆ ಮುಖ್ಯ ಆಕರ ಕಂದಾಯದ ಕಾಗದ. ಮೈಸೂರಿನಲ್ಲಿ 1863ರಿಂದ ಹಂತಹಂತವಾಗಿ ನಡೆದ ಸರ್ವೆಯಲ್ಲಿ ಹೊಲಕ್ಕೆ ಹೊಲ ಅಳೆದು, ಸರ್ವೆ ನಂಬರು ಕೊಟ್ಟು, ಕಂದಾಯ ಕಟ್ಟುವವನ ಹೆಸರಿಗೆ ಖಾತೆ ಮಾಡಿದರು. ಊರಿನ ಲೆಕ್ಕವನ್ನು ವಂಶಪಾರಂಪರ್ಯವಾಗಿ ಬರೆಯುತ್ತಿದ್ದ ಶಾನುಭೋಗರ ಹುದ್ದೆ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಹೋಗಿ, ಪುಸ್ತಕಗಳು ಗ್ರಾಮಲೆಕ್ಕಿಗರ ಕೈಗೆ ಬಂದವು. ಇಸವಿ 2000ದ ಆಚೀಚೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು. ಇಂದು ರೈತರ ಕೈಯಲ್ಲಿರುವ ಪಹಣಿ, ಅಂದರೆ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಯ ಹಾಳೆ, ಸಾಲ ತರಲು ಬೇಕಾದ ಕಾಗದವೆಂದಷ್ಟೇ ಎಲ್ಲರಿಗೂ ಪರಿಚಿತ, ಆದರೆ ಅದನ್ನು ಕುಟುಂಬ ಚರಿತ್ರೆಯ ಪುಟವಾಗಿ ಓದಬಹುದು. ಒಂಬತ್ತನೆಯ ಕಲಮಿನಲ್ಲಿ ಸ್ವಾಧೀನದಾರನ ಹೆಸರು ಇದೆ. ಹತ್ತನೆಯದರಲ್ಲಿ ಆ ನೆಲ ಅವನಿಗೆ ಬಂದ ಬಗೆ, ಎಂದರೆ ಕ್ರಯವೋ ವಿಭಾಗವೋ ಪೌತಿಯೋ ಎಂಬುದು, ಬದಲಾವಣೆಯ ನಂಬರಿನೊಂದಿಗೆ ಇದೆ. ಹನ್ನೊಂದನೆಯದರಲ್ಲಿ ಬ್ಯಾಂಕು ಸೊಸೈಟಿಗಳ ಸಾಲ ಇದೆ. ಹನ್ನೆರಡನೆಯದರಲ್ಲಿ ಉಳುವವರು ಮತ್ತು ಬೆಳೆ ಇವೆ. ಪೌತಿ ಎಂದರೆ ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದು. ಇದಕ್ಕೆ ಓಡಾಟ, ಖರ್ಚು ಎರಡೂ ಉಂಟಾದ್ದರಿಂದ ಅಜ್ಜ ಸತ್ತು ಮೂವತ್ತು ವರ್ಷವಾದರೂ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗಳು ಊರೂರಲ್ಲೂ ಇವೆ. ಪಹಣಿಯಲ್ಲಿ ಬದುಕಿರುವ ರೈತನ ವಯಸ್ಸನ್ನು ಲೆಕ್ಕ ಹಾಕಿದರೆ ನೂರು ದಾಟಿರುತ್ತದೆ.

ಈ ಹಾಳೆಯ ಕಟ್ಟುಪಾಡಿನಲ್ಲಿ ಗಂಡಸು ಬಿನ್ ಎಂಬ ಅಕ್ಷರಗಳಿಂದ ತಂದೆಗೂ, ಹೆಂಗಸು ಕೋಂ ಎಂಬ ಅಕ್ಷರಗಳಿಂದ ಗಂಡನಿಗೂ ತಗಲಿಕೊಂಡಿರುತ್ತಾರೆ. ಮುನಿಯಪ್ಪ ಬಿನ್ ವೆಂಕಟಪ್ಪ ಎಂದು ಇದ್ದರೆ ಒಂದು ತಲೆಮಾರು ಹಿಂದಕ್ಕೆ ಹೋಗಲು ದಾರಿ ಸಿಕ್ಕಿತು. ಪಿಳ್ಳಮ್ಮ ಕೋಂ ಮುನಿಯಪ್ಪ ಎಂದು ಇದ್ದರೆ ಪಿಳ್ಳಮ್ಮನ ತಂದೆ ಯಾರು, ಊರು ಯಾವುದು ಎಂಬುದಕ್ಕೆ ಬಾಗಿಲು ಅಲ್ಲಿಗೇ ಮುಚ್ಚಿತು. ಅವಳ ಹೆಸರು ಪಹಣಿಗೆ ಬರುವುದೂ ಸಾಮಾನ್ಯವಾಗಿ ವಿಧವೆಯಾದ ಮೇಲೆ. ಗಂಡಸರ ಸರಣಿಯೂ ಕಾಣುವಷ್ಟು ಸರಳವಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ಮುನಿಯಪ್ಪನ ಮಗ ವೆಂಕಟಪ್ಪ, ಅವನ ಮಗ ಮತ್ತೆ ಮುನಿಯಪ್ಪ, ಅವನ ಮಗ ಮತ್ತೆ ವೆಂಕಟಪ್ಪ ಎಂದು ಎರಡೇ ಹೆಸರು ನೂರು ವರ್ಷ ಸುತ್ತುತ್ತವೆ. ಅಣ್ಣತಮ್ಮಂದಿರನ್ನು ದೊಡ್ಡ, ಚಿಕ್ಕ ಎಂದು ಬೇರ್ಪಡಿಸಿದ್ದರೂ ಲೆಕ್ಕ ಬರೆದವನು ಆ ಉಪಸರ್ಗಗಳನ್ನು ಕೆಲವೊಮ್ಮೆ ನುಂಗಿಹಾಕಿದ್ದಾನೆ. ಮುನಿಯ ಹೆಸರು ಹೊತ್ತವರು ಇಷ್ಟೊಂದು ಮಂದಿ ಇರುವ ಜಿಲ್ಲೆ ಬಹುಶಃ ಇನ್ನೊಂದಿಲ್ಲವಾದ್ದರಿಂದ, ಸರ್ವೆ ನಂಬರನ್ನು ಕೈಬಿಟ್ಟು ಹೆಸರನ್ನು ಮಾತ್ರ ಹಿಡಿದು ಹೊರಟ ಸಂಶೋಧಕ ಪಕ್ಕದ ಮನೆಯ ಮುತ್ತಜ್ಜನನ್ನು ತಂದು ಈ ಮನೆಗೆ ಕೂರಿಸುವ ಸಂಭವ ಬಹಳ.

ಕಂದಾಯದ ಕಾಗದ ಹುಟ್ಟುವ ಮೊದಲೇ ಒಕ್ಕಲು ಮನೆಗಳ ವಂಶಾವಳಿಯನ್ನು ಕಾಪಾಡುವ ವೃತ್ತಿಯವರು ನಾಡಿನಲ್ಲಿದ್ದರು. ಕನ್ನಡ ಸೀಮೆಯ ಹೆಳವರು ಎತ್ತನ್ನೇರಿ ಬಂದು, ಮನೆಯ ಮುಂದೆ ನಿಂತು, ಆ ಮನೆತನ ಯಾವ ಊರಿನಿಂದ ಹೊರಟು ಎಲ್ಲೆಲ್ಲಿ ನಿಂತು ಇಲ್ಲಿಗೆ ಬಂತು, ಯಾರಿಗೆ ಎಷ್ಟು ಗಂಡುಮಕ್ಕಳು ಎಂಬುದನ್ನು ಒಪ್ಪಿಸಿ, ಕಾಳು ಬಟ್ಟೆಗಳನ್ನು ಪಡೆದು, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಾರೆ. ತೆಲುಗು ಮನೆಮಾತಿನ ಒಕ್ಕಲಿಗೆ ಇದೇ ಕೆಲಸವನ್ನು ಪಿಚ್ಚಿಗುಂಟ್ಲವರು ಮಾಡುತ್ತಿದ್ದರು. ತೆಲುಗು, ಕನ್ನಡ, ತಮಿಳು ಮೂರೂ ಒಂದೇ ಅಂಗಳದಲ್ಲಿ ಕೇಳಿಸುವ ಈ ಗಡಿಸೀಮೆಯಲ್ಲಿ ಇವರಿಬ್ಬರ ನೆನಪನ್ನೂ ವಿಚಾರಿಸಬೇಕಾಗುತ್ತದೆ. ಗಂಡುಸಂತಾನದ ಪಟ್ಟಿಯೇ ಅವರ ಪುಸ್ತಕದ ಬೆನ್ನೆಲುಬಾದ್ದರಿಂದ ಹೆಣ್ಣಿನ ಕಡೆಗೆ ಬಂದಾಗ ಅವರೂ ಶಾನುಭೋಗರ ಗುಂಪಿಗೇ ಸೇರುತ್ತಾರೆ.

ದಂಪತಿಯ ಇನ್ನರ್ಧವನ್ನು ಹುಡುಕಬೇಕಾದರೆ ಮದುವೆಯ ಕಡೆಯಿಂದ ಬರಬೇಕು. ಕೋಲಾರದ ಒಕ್ಕಲು ಮನೆಗಳಲ್ಲಿ ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದು, ಅಕ್ಕನ ಮಗಳನ್ನೇ ಮಾಡಿಕೊಳ್ಳುವುದು, ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತರುವ ಸಾಟೆ ಮದುವೆ ಇವೆಲ್ಲ ಸಾಮಾನ್ಯವಾಗಿದ್ದವು, ಈಗಲೂ ಇಲ್ಲದಿಲ್ಲ. ಇದರ ಪರಿಣಾಮವಾಗಿ ಹೆಂಡತಿಯ ಅಜ್ಜಿಯೂ ಗಂಡನ ಅಮ್ಮನೂ ಒಬ್ಬಳೇ ಆಗಿರಬಹುದು. ತಲೆಮಾರಿಗೊಮ್ಮೆ ಇಮ್ಮಡಿಯಾಗುತ್ತ ಮೇಲಕ್ಕೆ ಕವಲೊಡೆಯುವ ಪಾಶ್ಚಾತ್ಯ ವಂಶವೃಕ್ಷದ ನಕ್ಷೆಯಲ್ಲಿ ಈ ಸಂಬಂಧಗಳನ್ನು ತುಂಬಲು ಹೊರಟರೆ ಒಂದೇ ಹೆಸರನ್ನು ಎರಡು ಮೂರು ಕಡೆ ಬರೆಯಬೇಕಾಗುತ್ತದೆ. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನು ತಂದು ಇರಿಸಿಕೊಳ್ಳುವ ಮನೆಅಳಿಯತನವೂ ಉಂಟು. ತೆಲುಗಿನಲ್ಲಿ ಇಲ್ಲಟಂ ಎನ್ನುವ ಈ ರೂಢಿಯನ್ನು ಕೆಲವು ಬೇಸಾಯದ ಸಮುದಾಯಗಳ ಮಟ್ಟಿಗೆ ನ್ಯಾಯಾಲಯಗಳೂ ಮಾನ್ಯ ಮಾಡಿವೆ. ಅಂಥ ಮನೆಯಲ್ಲಿ ನೆಲ ಬಂದದ್ದು ಹೆಂಡತಿಯಿಂದ, ಪಹಣಿಯಲ್ಲಿ ಇರುವುದು ಗಂಡನ ಹೆಸರು, ಬಿನ್ ಎಂಬುದರ ಮುಂದೆ ಬರುವುದು ಆ ಊರಿಗೆ ಸಂಬಂಧವೇ ಇಲ್ಲದ ಅವನ ಅಪ್ಪನ ಹೆಸರು.

ಮದುವೆಯ ಈ ಜಾಲವನ್ನು ಬರೆದಿಟ್ಟ ಕಾಗದ ಕಚೇರಿಗಳಲ್ಲಿ ಇಲ್ಲದಿದ್ದರೂ ಮನೆಯ ಪೆಟ್ಟಿಗೆಯಲ್ಲಿ ಇದೆ. ಅದರ ಹೆಸರು ಮುಯ್ಯಿ ಪುಸ್ತಕ. ಮದುವೆಯಲ್ಲಿ ನೆಂಟರಿಷ್ಟರು ಕೊಡುವ ಹಣಕ್ಕೂ ವಸ್ತುಗಳಿಗೂ ಮುಯ್ಯಿ ಎನ್ನುತ್ತಾರೆ. ತಮಿಳಿನವರು ಮೊಯ್ ಎನ್ನುತ್ತಾರೆ, ತೆಲುಗಿನವರು ಚದಿವಿಂಪು ಎನ್ನುತ್ತಾರೆ, ಮತ್ತು ಮೂರು ಭಾಷೆಯವರೂ ಅದನ್ನು ಸಾಲದಂತೆಯೇ ಎಣಿಸಿ, ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಹಿಂದಿರುಗಿಸುತ್ತಾರೆ. ಹಿಂದಿರುಗಿಸುವಾಗ ತಪ್ಪಬಾರದೆಂದು ಮಂಟಪದ ಬಾಗಿಲ ಬಳಿ ಅಕ್ಷರ ಬಲ್ಲ ಒಬ್ಬರು ಕುಳಿತು ಉದ್ದ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ಪುಟದ ಮೂಲೆಗಳಲ್ಲಿ ಅರಿಸಿನ, ಮೇಲೆ ಶ್ರೀಕಾರ, ಕೆಳಗೆ ಸಾಲುಸಾಲಾಗಿ ಊರು, ಕೊಟ್ಟವರ ಹೆಸರು, ಮೊತ್ತ ಅಥವಾ ವಸ್ತು: ಕ್ಯಾಸಂಬಳ್ಳಿಯ ಇಂಥವರು, ಕಾಮಸಮುದ್ರದ ಇಂಥವರು, ಗಡಿಯಾಚೆಯ ಕುಪ್ಪಂ ಕಡೆಯವರು, ವೇಪನಹಳ್ಳಿಯ ಕಡೆಯವರು, ಒಂದು ಹಿತ್ತಾಳೆ ಬಿಂದಿಗೆ, ಐದು ಸೇರು ಅಕ್ಕಿ, ಎರಡು ರೂಪಾಯಿ. ಸೋದರಮಾವನ ಮುಯ್ಯಿ ಮೊದಲು ಬರೆಯಬೇಕೆಂಬ ಕಟ್ಟಳೆ ಇರುವ ಮನೆಗಳಲ್ಲಿ ತಾಯಿಯ ತವರು ಯಾವುದೆಂಬುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಒಂದೇ ಮನೆಯ ಎರಡು ತಲೆಮಾರಿನ ಮುಯ್ಯಿ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಊರಿನ ಸಂಬಂಧ ಕಡಿಯಿತು, ಯಾವುದು ಹೊಸದಾಗಿ ಸೇರಿತು, ಕಾಳಿನ ಬದಲು ಹಣ ಯಾವಾಗ ಬಂತು, ಬೆಂಗಳೂರಿನ ವಿಳಾಸಗಳು ಯಾವಾಗ ಹೆಚ್ಚಿದವು ಎಂಬುದೆಲ್ಲ ಯಾವ ವ್ಯಾಖ್ಯಾನವೂ ಇಲ್ಲದೆ ಕಾಣುತ್ತದೆ. ಇದರ ಜೊತೆಗೆ ಅಚ್ಚಾದ ಲಗ್ನಪತ್ರಿಕೆಗಳನ್ನೂ ಸೇರಿಸಬೇಕು. ವಧುವಿನ ತಾತ, ಅಜ್ಜಿ, ಸೋದರಮಾವಂದಿರ ಹೆಸರುಗಳನ್ನು ಊರಿನ ಸಹಿತ ಅಚ್ಚು ಹಾಕಿಸುವ ಮನೆಗಳು ತಮಗೆ ಅರಿವಿಲ್ಲದೆಯೇ ಆಸ್ಟ್ರೇಲಿಯಾದ ಮರಣಪತ್ರ ಮಾಡಿದ ಕೆಲಸವನ್ನು ಮಾಡಿವೆ. ಗೆದ್ದಲು ತಿನ್ನುತ್ತಿರುವ ಈ ನೋಟುಪುಸ್ತಕಗಳನ್ನು ಉಳಿಸಿಕೊಳ್ಳುವುದು ತಾಳೆಗರಿಗಳನ್ನು ಉಳಿಸಿಕೊಳ್ಳುವಷ್ಟೇ ತುರ್ತಿನ ಕೆಲಸವೆಂದು ಯಾವ ವಿಶ್ವವಿದ್ಯಾಲಯಕ್ಕೂ ಇನ್ನೂ ಅನ್ನಿಸಿದಂತೆ ಕಾಣುವುದಿಲ್ಲ.

ಮುಯ್ಯಿ ಪುಸ್ತಕವನ್ನು ಭೂಪಟದ ಮೇಲೆ ಬಿಡಿಸಿದಾಗ ಅದು ಮೂರು ರಾಜ್ಯಗಳ ಮೇಲೆ ಹರಡಿಕೊಳ್ಳುತ್ತದೆ. 1911ರಲ್ಲಿ ಉತ್ತರ ಆರ್ಕಾಟಿನ ಭಾಗಗಳನ್ನೂ ಸೇರಿಸಿ ಚಿತ್ತೂರು ಜಿಲ್ಲೆ ಆಯಿತು, 1956ರಲ್ಲಿ ಭಾಷಾವಾರು ರಾಜ್ಯಗಳಾದವು. ಹೆಣ್ಣು ಕೊಡುವವರೂ ತರುವವರೂ ಇವೆರಡನ್ನೂ ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆದೇವರ ಒಕ್ಕಲುತನವೂ ಇದೇ ಬಗೆಯ ಸಾಕ್ಷ್ಯ: ಮನೆತನ ಎಲ್ಲಿಗೆ ವಲಸೆ ಹೋದರೂ ಮಗುವಿನ ಮುಡಿಗೆ ಹಳೆಯ ದೇವರ ಬಳಿಗೇ ಹೋಗುತ್ತದೆಯಾದ್ದರಿಂದ ದೇವರ ದಿಕ್ಕು ಬಂದ ದಾರಿಯ ದಿಕ್ಕನ್ನು ಸೂಚಿಸುತ್ತದೆ. ಕೋಲಾರದ ಬಳಿಯ ಸೀತಿಬೆಟ್ಟದ ಭೈರವನಿಗೆ ನಡೆದುಕೊಳ್ಳುತ್ತಿದ್ದ ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಹಿರಿಯ ಮಗಳ ಕಿವಿ ಚುಚ್ಚುವ ಮೊದಲು ತಾಯಿಯಾದವಳು ಬಲಗೈಯ ಉಂಗುರದ ಬೆರಳು, ಕಿರುಬೆರಳುಗಳ ತುದಿಯ ಗೆಣ್ಣುಗಳನ್ನು ದೇವರಿಗೆ ಒಪ್ಪಿಸುವ ಹರಕೆ ಇತ್ತು. ಊರ ಕಮ್ಮಾರ ಉಳಿ ಇಟ್ಟು ಕತ್ತರಿಸುತ್ತಿದ್ದನು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಇದನ್ನು ನಿಲ್ಲಿಸಿದ ಮೇಲೆ ಬೆರಳಿಗೆ ಚಿನ್ನದ ತಗಡನ್ನು ಅಂಟಿಸಿ ತೆಗೆಯುವಷ್ಟಕ್ಕೆ ಆಚರಣೆ ಇಳಿಯಿತು. ಅದರ ಕ್ರೌರ್ಯವನ್ನು ಮರೆಮಾಡುವ ಅಗತ್ಯವಿಲ್ಲ. ಆದರೆ ಬೆರಳು ಕೊಡುವ ಒಕ್ಕಲು ಎಂಬ ಗುರುತನ್ನು ಇಡೀ ಮನೆತನ ಹೆಮ್ಮೆಯಿಂದ ಹೇಳಿಕೊಂಡಾಗ, ಆ ಗುರುತನ್ನು ಮೈಮೇಲೆ ಹೊತ್ತವಳು ಬೇರೆ ಮನೆಯಲ್ಲಿ ಹುಟ್ಟಿ ಸೊಸೆಯಾಗಿ ಬಂದವಳು ಎಂಬುದನ್ನು ವಂಶಕಥನ ಬಿಟ್ಟುಬಿಡುವಂತಿಲ್ಲ.

ಇನ್ನು ಗಣಿಯ ಕಾಗದ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತ 1880ರಲ್ಲಿ ಬಂದು, ಕೆಲವೇ ವರ್ಷಗಳಲ್ಲಿ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿ, 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲು ಹೋಗಿ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದದ್ದು ಪ್ರಸಿದ್ಧ ಸಂಗತಿಗಳು. ನೆಲದಡಿಯ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ತಮಿಳು ತೆಲುಗು ದಲಿತರು. ಅವರನ್ನು ಗಣಿ ಕಾರ್ಮಿಕರೆಂದು ಮಾತ್ರ ಕರೆಯುವುದು ಅರ್ಧಸತ್ಯ. ಅವರಲ್ಲಿ ಅನೇಕರು ಇನ್ನೊಬ್ಬರ ಹೊಲದಲ್ಲಿ ಜೀತವಿದ್ದವರು ಅಥವಾ ತುಂಡುನೆಲ ಇದ್ದವರು. ಸುಗ್ಗಿಗೆ ಊರಿಗೆ ಹೋಗಿ ಬರುತ್ತಿದ್ದರು, ಹೆಂಡತಿ ಮಕ್ಕಳಲ್ಲಿ ಕೆಲವರು ಊರಲ್ಲೇ ಇರುತ್ತಿದ್ದರು, ಉಳಿದ ಹಣ ಹೊಲದ ಸಾಲಕ್ಕೆ ಹೋಗುತ್ತಿತ್ತು. ಜಮೀನ್ದಾರನ ಕಣ್ಣಿಗೆ ಬೀಳದೆ ಮೈನ್ಸಿಗೆ ಬಂದವನಿಗೆ ಹೆಸರು ಬದಲಾಯಿಸಿಕೊಳ್ಳುವುದೂ ಒಂದು ರಕ್ಷಣೆಯಾಗಿತ್ತು. 1930ರ ಏಪ್ರಿಲಿನಲ್ಲಿ ಕಂಪನಿಗಳು ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸುಮಾರು ಮೂರು ವಾರಗಳ ಮುಷ್ಕರ ನಡೆಯಿತು. ಇಂದಿನ ವಂಶಾನ್ವೇಷಕನಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವ ದಾಖಲೆಯ ವಿರುದ್ಧವೇ ಆ ಮುತ್ತಜ್ಜಂದಿರು ಕೆಲಸ ನಿಲ್ಲಿಸಿದ್ದರು. ಅವರ ಪಾಲಿಗೆ ಅದು ಅಪರಾಧಿಗಳಿಗೆ ಮಾಡುವ ಗುರುತು, ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನನ್ನು ಇನ್ನೊಂದಕ್ಕೆ ಬಾರದಂತೆ ತಡೆಯುವ ಉಪಾಯ.

ಗಣಿಯ ಕಾಗದದಲ್ಲಿ ಹೆಂಡತಿಯ ಹೆಸರು ಬರುವುದು ಸಾವಿನ ಮೂಲಕ. ಬಂಡೆ ಸಿಡಿತದಲ್ಲಿ ಸತ್ತವನ ಪರಿಹಾರಕ್ಕೆ, ಆಮೇಲಿನ ಕಾಲದಲ್ಲಿ ಭವಿಷ್ಯನಿಧಿಯ ನಾಮನಿರ್ದೇಶನಕ್ಕೆ, ಕಲ್ಲಿನ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗದ ಪರಿಹಾರಕ್ಕೆ ವಾರಸುದಾರಳನ್ನು ಗುರುತಿಸಲೇಬೇಕಾಗಿತ್ತು. ಹೀಗೆ ನೆಲವಿಲ್ಲದ ದಲಿತ ಗಣಿ ಕಾರ್ಮಿಕನ ಹೆಂಡತಿ, ಹತ್ತೆಕರೆಯ ಒಕ್ಕಲಿನ ಹೆಂಡತಿಗಿಂತ ಮೊದಲೇ ಮತ್ತು ಹೆಚ್ಚು ಸ್ಪಷ್ಟವಾಗಿ ಕಾಗದದಲ್ಲಿ ಕಾಣಿಸಿಕೊಂಡಿದ್ದಾಳೆ. ಇವರಿಬ್ಬರಿಗಿಂತ ಸುಲಭವಾಗಿ ಸಿಗುವವರು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರು ಮತ್ತು ಇಲ್ಲಿಯೇ ಬೆಳೆದ ಆಂಗ್ಲೋ ಇಂಡಿಯನ್ ಕುಟುಂಬಗಳು. ಕಾರ್ನ್‌ವಾಲಿನವರು ತವರಿನ ತಾಮ್ರ, ತವರದ ಗಣಿಗಳು ಸೊರಗಿದಾಗ ದಕ್ಷಿಣ ಆಸ್ಟ್ರೇಲಿಯಾದ ಮೂಂಟಾಕ್ಕೂ, 1890ರ ದಶಕದಲ್ಲಿ ಚಿನ್ನ ಸಿಕ್ಕ ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಗೂ, ಕೋಲಾರಕ್ಕೂ ಚದುರಿಹೋದ ಒಂದೇ ಬಳಗದ ಜನ. ಸ್ವಾತಂತ್ರ್ಯದ ಅನಂತರ ಆಂಗ್ಲೋ ಇಂಡಿಯನ್ನರಲ್ಲಿ ಅನೇಕರು ಪರ್ತ್, ಮೆಲ್ಬರ್ನ್‌ಗಳಿಗೆ ಹೋಗಿ ನೆಲೆಸಿದರು. ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕಗಳು ಇರುವುದರಿಂದ, ಉರಿಗಾಂನಲ್ಲಿ ಮೂವತ್ತು ವರ್ಷ ಇದ್ದುಹೋದವರ ಮರಿಮಕ್ಕಳು ಇಲ್ಲಿನ ಗೋರಿಯನ್ನು ಹುಡುಕಿಕೊಂಡು ಬರಬಲ್ಲರು. ಉರಿಗಾಂನಲ್ಲೇ ಹತ್ತು ತಲೆಮಾರು ಕಳೆದವರಿಗೆ ಆ ಸೌಕರ್ಯವಿಲ್ಲ.

ಆಸ್ಟ್ರೇಲಿಯಾದಿಂದ ಈ ಸೀಮೆಯ ಹೊಲಗಳಿಗೆ ಬಂದದ್ದು ಇನ್ನೊಂದಿದೆ, ಅದು ನೀಲಗಿರಿ ಮರ. 1790ರ ಸುಮಾರಿನಲ್ಲಿ ಟಿಪ್ಪು ನಂದಿಬೆಟ್ಟದ ತೋಟದಲ್ಲಿ ಅದರ ಬೀಜಗಳನ್ನು ಹಾಕಿಸಿದನೆಂಬುದು ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಪ್ರಸಿದ್ಧ. ಖುಷ್ಕಿ ಹೊಲಗಳಲ್ಲಿ, ಎಂದರೆ ಮಳೆಯನ್ನೇ ನೆಚ್ಚಿದ ನೆಲದಲ್ಲಿ, ಅದು ತುಂಬಿಕೊಂಡದ್ದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಿಂದ. ಅಂತರ್ಜಲ ಇಂಗಿಹೋಗುತ್ತದೆಂಬ ಕಾರಣಕ್ಕೆ ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಪಹಣಿಯ ಹನ್ನೆರಡನೆಯ ಕಲಮಿನಲ್ಲಿ ವರ್ಷವರ್ಷವೂ ಬರುತ್ತಿದ್ದ ರಾಗಿ, ಅವರೆ, ಹುರುಳಿಗಳು ನಿಂತು ನೀಲಗಿರಿ ಎಂದು ಬರೆದ ವರ್ಷವನ್ನು ಕುಟುಂಬ ಚರಿತ್ರೆಕಾರ ಗುರುತು ಹಾಕಿಕೊಳ್ಳಬೇಕು. ಕಳೆ ಕೀಳಲು, ಕೊಯ್ಲು ಮಾಡಲು, ಕಣ ಕಾಯಲು ಮನೆಯಲ್ಲಿ ಆಳು ಇಲ್ಲದಾದಾಗ ನೆಡುವ ಬೆಳೆ ಅದು. ಎಂಟು ಹತ್ತು ವರ್ಷಕ್ಕೊಮ್ಮೆ ಕಡಿದರೆ ಸಾಕು, ಒಡೆಯ ಊರಲ್ಲಿ ಇರಬೇಕಾಗಿಲ್ಲ. ಮಗ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗತೊಡಗಿದ್ದು, ಗಂಡ ತೀರಿಹೋಗಿದ್ದು, ಸೊಸೆ ಹೊಲಕ್ಕೆ ಇಳಿಯಲು ಒಪ್ಪದಿದ್ದದ್ದು, ಇವುಗಳಲ್ಲಿ ಯಾವುದೋ ಒಂದು ಆ ವರ್ಷದ ಆಸುಪಾಸಿನಲ್ಲಿ ಇದ್ದೇ ಇರುತ್ತದೆ.

ಹೆಣ್ಣುಮಕ್ಕಳ ಹೆಸರು ಕೊನೆಗೂ ಜಮೀನಿನ ಕಾಗದಕ್ಕೆ ಬಂದದ್ದು ಕಾನೂನಿನ ಒತ್ತಾಯದಿಂದ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆಯನ್ನು ತಂದು ವಿಧವೆ, ತಾಯಿ, ಮದುವೆಯಾಗದ ಮಗಳು ಮೊದಲಾದವರಿಗೆ ವಿಭಾಗದ ಕಾಲದಲ್ಲಿ ಪಾಲು ಕೊಟ್ಟಿತ್ತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳನ್ನಾಗಿಸಿತು, ಆದರೆ ತಿದ್ದುಪಡಿಗೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಇದರಿಂದಾಗಿ ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರದಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು ಈಗ ಅಪಾಯದ ಕೆಲಸವಾಗಿದೆ. ಜಮೀನು ಕೊಳ್ಳುವವನ ವಕೀಲ ಅದನ್ನೇ ಮೊದಲು ನೋಡುತ್ತಾನೆ. ಬೆಂಗಳೂರಿನ ಬೆಲೆ ಬಂಗಾರಪೇಟೆಯವರೆಗೆ ಹಬ್ಬಿದ ಮೇಲೆ ಮಾರಾಟಕ್ಕೆ ಮುಂಚೆ ಅಕ್ಕತಂಗಿಯರನ್ನು ಅವರವರ ಗಂಡನ ಊರಿನಿಂದ ಕರೆಸಿ, ಉಪನೋಂದಣಿ ಕಚೇರಿಯಲ್ಲಿ ಕೂರಿಸಿ, ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದು ರೂಢಿಗೆ ಬಂದಿದೆ. ಪಿತ್ರಾರ್ಜಿತದಲ್ಲಿ ತನಗಿರುವ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿರುವುದಾಗಿ ಮಗಳು ಬರೆದುಕೊಡುವ ಈ ಪತ್ರದಲ್ಲಿ ಅವಳ ಹೆಸರು, ವಯಸ್ಸು, ತಂದೆಯ ಹೆಸರು, ಗಂಡನ ಹೆಸರು, ಹುಟ್ಟಿದ ಊರು, ಸೇರಿದ ಊರು, ಭಾವಚಿತ್ರ, ಹೆಬ್ಬೆಟ್ಟು ಎಲ್ಲವೂ ಇವೆ. ಒಂದು ಒಕ್ಕಲು ಮನೆಯ ಹೆಣ್ಣುಮಕ್ಕಳೆಲ್ಲರನ್ನೂ ಪೂರ್ತಿಯಾಗಿ ಹೆಸರಿಸುವ ಮೊದಲ ಸರ್ಕಾರಿ ದಾಖಲೆ, ಎಷ್ಟೋ ಮನೆಗಳ ಮಟ್ಟಿಗೆ, ಅವರು ಆ ನೆಲವನ್ನು ಬಿಟ್ಟುಕೊಟ್ಟ ಪತ್ರವೇ ಆಗಿರುವುದರಿಂದ, ಈ ಸೀಮೆಯ ದಂಪತಿಗಳ ವಂಶಕಥನವನ್ನು ಕೈಗೆತ್ತಿಕೊಳ್ಳುವವರು ಪಹಣಿಗಿಂತ ಮೊದಲು ಉಪನೋಂದಣಿ ಕಚೇರಿಯ ಅನುಕ್ರಮಣಿಕೆಯನ್ನು ತೆರೆಯುವುದು ಒಳ್ಳೆಯದು.